ಹಾಡು ಯಾರು ಯಾರಿಗೆ ಹಾಡಿದ್ದು ಸ್ವಾಮಿ?

ಒಂದು ಸೋಮವಾರ ನಮ್ಮ ಆಫೀಸಿನಲ್ಲಿ ಟೌನ್‌ಹಾಲ್ ಇತ್ತು. ಜೆ.ಸಿ. ರಸ್ತೆಯ ಟೌನ್‌ಹಾಲ್ ಅಲ್ಲ ಮಾರಾಯ್ರೆ, ಕೆಫೆಟೇರಿಯಾದ ಕುರ್ಚಿಗಳನ್ನೆಲ್ಲ ಒಂದು ಕಡೆಗೆ ತಿರುಗಿಸಿ, ದೊಡ್ಡವರು ಮೈಕು ಹಿಡಿದು ಸಣ್ಣವರಿಗೆ ಸ್ಲೈಡು ತೋರಿಸುವ ಕಾರ್ಯಕ್ರಮ. ಸ್ಲೈಡಿಗೆ ಮೊದಲು ಎರಡು ನಿಮಿಷದ ಒಂದು ವಿಡಿಯೋ ಹಾಕಿದರು. ಹಿನ್ನೆಲೆಯಲ್ಲಿ ಒಂದು ಗಿಟಾರು, ಒಂದು ಮೌತ್ ಆರ್ಗನ್ನು, ಮೂಗಿನಲ್ಲೇ ಹಾಡುವ ಎಳೆಯ ದನಿ. ಬಾಬ್ ಡಿಲನ್. 'ದ ಟೈಮ್ಸ್ ದೆ ಆರ್ ಎ-ಚೇಂಜಿಂಗ್'. ಪರದೆ ಮೇಲೆ ರೋಬೋಟು, ಮೋಡ, ಎಲ್ಲ ಬಣ್ಣದ ನಗುವ ಮುಖಗಳು. ನನಗೆ ಖುಷಿಯಾಗಿ ಕಾಲಲ್ಲಿ ತಾಳ ಹಾಕಿದೆ. ಪಕ್ಕದಲ್ಲಿ ಕೂತಿದ್ದವನಿಗೆ 'ನನ್ನ ಫೇವರಿಟ್ ಕಣೋ ಇದು' ಅಂದೆ. ಹಾಡು ಮುಗೀತು. ಚಪ್ಪಾಳೆ. ಮುಂದಿನ ಸ್ಲೈಡಿನಲ್ಲಿ 'ಹೊಸ ರಚನೆ' ಅಂತಿತ್ತು. ಗುರುವಾರ ಸಂಜೆಯ ಹೊತ್ತಿಗೆ ನಮ್ಮ ಸಾಲಿನಲ್ಲಿ ನಾಲ್ಕು ಕುರ್ಚಿ ಖಾಲಿ. ಅದರಲ್ಲಿ ಒಂದು, ನಾನು ಫೇವರಿಟ್ ಅಂತ ಹೇಳಿದ್ದೆನಲ್ಲ, ಅವನದ್ದು.

ಕಂಪನಿಗಳು ಜನರನ್ನು ತೆಗೆಯುತ್ತವೆ, ಅದು ಸರಿಯೋ ತಪ್ಪೋ ಅಂತ ಬರೆಯಲಿಕ್ಕೆ ನನಗಿಂತ ತಿಳಿದವರಿದ್ದಾರೆ. ನನ್ನ ಜಗಳ ಆ ಹಾಡಿನದ್ದು. ಆ ಹಾಡನ್ನು ಅಲ್ಲಿ ಹಾಕಿದ್ದು ಬರೀ ಅಭಿರುಚಿಯ ದೋಷ ಅಲ್ಲ, ಅದೊಂದು ಸುಳ್ಳು. ನಾವೆಲ್ಲ ಕೂತು ಆ ಸುಳ್ಳಿಗೆ ಚಪ್ಪಾಳೆ ತಟ್ಟಿದೆವು, ಯಾಕಂದರೆ ನಮಗೆ ಟ್ಯೂನ್ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಆ ಎರಡು ನಿಮಿಷ ಮರೆತಿದ್ದೆ.

ನಾನು ಬೆಳೆದದ್ದು ಸಾಗರದ ಕಡೆ ಒಂದು ಹಳ್ಳಿಯಲ್ಲಿ. ಮಳೆಗಾಲದಲ್ಲಿ ಯಾರದ್ದಾದರೂ ಮನೆ ಜಗಲಿಯಲ್ಲಿ ತಾಳಮದ್ದಳೆ ಆಗುತ್ತಿತ್ತು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ ಹಾಡುತ್ತಾರೆ, ಆಮೇಲೆ ಅರ್ಥಧಾರಿ ಅದರ ಅರ್ಥ ಹೇಳುತ್ತಾನೆ. ಪದ ಎಷ್ಟೇ ಚೆನ್ನಾಗಿರಲಿ, ಅರ್ಥ ಹೇಳದೆ ಪ್ರಸಂಗ ಮುಂದೆ ಹೋಗುವುದಿಲ್ಲ. ಅರ್ಥ ಹೇಳುವವನು ಮೊಟ್ಟಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಒಂದೇ: ಈ ಪದ ಯಾರದ್ದು, ಯಾರಿಗೆ ಹೇಳಿದ್ದು? ಕೃಷ್ಣಸಂಧಾನದಲ್ಲಿ ಕೃಷ್ಣ ಕೌರವನಿಗೆ ಹೇಳುವ ಮಾತನ್ನು ಕೌರವನೇ ಎದ್ದು ಕೃಷ್ಣನಿಗೆ ಹೇಳಿದರೆ ಜಗಲಿಯಲ್ಲಿ ಕೂತ ಅಜ್ಜಂದಿರು ಕವಳ ಉಗುಳಿ ಎದ್ದು ಹೋಗುತ್ತಿದ್ದರು. ನಮ್ಮ ಕೆಫೆಟೇರಿಯಾದಲ್ಲಿ ಆದದ್ದು ಹೆಚ್ಚುಕಡಿಮೆ ಅದೇ. ಎದ್ದು ಹೋಗುವ ಅಜ್ಜಂದಿರು ಮಾತ್ರ ಇರಲಿಲ್ಲ.

ಆ ಹಾಡು ಯಾರು ಯಾರಿಗೆ ಹಾಡಿದ್ದು? 1963ರ ಕೊನೆಯಲ್ಲಿ ಡಿಲನ್ ಅದನ್ನು ರೆಕಾರ್ಡ್ ಮಾಡಿದಾಗ ಅವನಿಗೆ 22 ವರ್ಷ. ಅಮೆರಿಕದಲ್ಲಿ ಕರಿಯರ ನಾಗರಿಕ ಹಕ್ಕುಗಳ ಚಳವಳಿ ಕಾವೇರಿದ್ದ ವರ್ಷ ಅದು. ಆ ಆಗಸ್ಟಿನಲ್ಲೇ ವಾಷಿಂಗ್ಟನ್ನಿನ ದೊಡ್ಡ ಮೆರವಣಿಗೆ ಆಗಿತ್ತು, ಅಲ್ಲಿ ಡಿಲನ್ ಕೂಡ ಹಾಡಿದ್ದ. ಹಾಡಿನ ಒಂದೊಂದು ಚರಣವೂ ಒಬ್ಬೊಬ್ಬರನ್ನು ಹೆಸರು ಹಿಡಿದು ಕರೆಯುತ್ತದೆ. ಮೊದಲು ಜನರನ್ನು ಹತ್ತಿರ ಕರೆಯುತ್ತಾನೆ. ಆಮೇಲೆ ಬರಹಗಾರರಿಗೆ, ವಿಮರ್ಶಕರಿಗೆ ಹೇಳುತ್ತಾನೆ, ಅವಸರಪಟ್ಟು ತೀರ್ಪು ಕೊಡಬೇಡಿ ಅಂತ. ಆಮೇಲೆ ಸಂಸತ್ತಿನವರಿಗೆ, ಬಾಗಿಲಲ್ಲಿ ಅಡ್ಡ ನಿಲ್ಲಬೇಡಿ ಅಂತ. ಆಮೇಲೆ ಅಪ್ಪ ಅಮ್ಮಂದಿರಿಗೆ, ಅರ್ಥವಾಗದ್ದನ್ನು ಬೈಯಬೇಡಿ ಅಂತ. ಕೊನೆಗೆ, ಇವತ್ತು ಮುಂದಿರುವವನು ನಾಳೆ ಹಿಂದೆ ಬೀಳುತ್ತಾನೆ ಅನ್ನುವ ಎಚ್ಚರಿಕೆ. ಇಡೀ ಹಾಡು ಕೆಳಗಿನಿಂದ ಮೇಲಕ್ಕೆ ಮುಖ ಮಾಡಿ ನಿಂತಿದೆ. ಅಧಿಕಾರ ಇಲ್ಲದವನು ಅಧಿಕಾರ ಇದ್ದವನಿಗೆ, ದಾರಿ ಬಿಡು ಅನ್ನುವ ಹಾಡು. ಅದನ್ನೇ ತಂದು, ಪಟ್ಟಿ ಕೈಯಲ್ಲಿ ಹಿಡಿದವರು, ಪಟ್ಟಿಯಲ್ಲಿ ಹೆಸರಿದ್ದವರಿಗೆ ಕೇಳಿಸಿದರು. ಕಾಲ ಬದಲಾಗುತ್ತಿದೆ, ದಾರಿ ಬಿಡಿ ಅಂತ! ಒಂದು ಅಕ್ಷರವನ್ನೂ ಬದಲಾಯಿಸದೆ, ಬರೀ ದಿಕ್ಕು ತಿರುಗಿಸಿದ್ದಕ್ಕೇ ಹಾಡು ಉಲ್ಟಾ ಆಯಿತು.

ಈಗ ಪಬ್ಬಿನ ಸ್ನೇಹಿತರು ಶುರು ಮಾಡುತ್ತಾರೆ: 'ಯಾಕೋ ಅಷ್ಟು ಸೀರಿಯಸ್ಸು? ಹಾಡು ಅಂದ್ರೆ ಫೀಲು. ಮಾತನ್ನು ಯಾರು ಕೇಳ್ತಾರೆ?'

ಈ ವಾದದಲ್ಲಿ ಅರ್ಧ ನಿಜ ಇದೆ, ಅದನ್ನು ಒಪ್ಪುತ್ತೇನೆ. ಆ ಕಾಲದ್ದೇ ಉದಾಹರಣೆ ನಾನೇ ಕೊಡುತ್ತೇನೆ. 1963ರಲ್ಲಿ ಕಿಂಗ್ಸ್‌ಮೆನ್ ಅನ್ನುವ ಬ್ಯಾಂಡು 'ಲೂಯಿ ಲೂಯಿ' ಹಾಡಿತು. ಹಾಡುವವನ ಉಚ್ಚಾರ ಎಷ್ಟು ಕಲಸಿಹೋಗಿತ್ತು ಅಂದರೆ, ಹುಡುಗರು ಅದರಲ್ಲಿ ಏನೇನೋ ಅಶ್ಲೀಲ ಕೇಳಿಸಿಕೊಂಡರು. ತಂದೆತಾಯಿಯರ ದೂರು ಹೋಗಿ, ಎಫ್‌ಬಿಐ ತನಿಖೆ ಮಾಡಿತು! ತಟ್ಟೆಯನ್ನು ಬೇರೆಬೇರೆ ವೇಗದಲ್ಲಿ ತಿರುಗಿಸಿ ಕೇಳಿ, ಯಾವ ವೇಗದಲ್ಲಿ ಕೇಳಿದರೂ ಏನೂ ತಿಳಿಯುವುದಿಲ್ಲ ಅಂತ ಕೈಬಿಟ್ಟರು. ಅಸಲಿಗೆ ಅದು ರಿಚರ್ಡ್ ಬೆರಿ 1950ರ ದಶಕದಲ್ಲಿ ಬರೆದ ಪಾಪದ ಹಾಡು. ಊರಿನಲ್ಲಿ ಬಿಟ್ಟುಬಂದ ಹುಡುಗಿಯನ್ನು ನೆನೆಯುವ ಒಬ್ಬ ನಾವಿಕನ ಗೋಳು, ಅಷ್ಟೆ. ಮಾತು ತಿಳಿಯದೆಯೂ ಜಗತ್ತೆಲ್ಲ ಕುಣಿಯಿತು. ಹಾಗೇ, ಪಾಲ್ ಮೆಕಾರ್ಟ್ನಿಗೆ 'ಯೆಸ್ಟರ್‌ಡೇ' ಹಾಡಿನ ಟ್ಯೂನು ಮೊದಲು ಬಂತು, ಮಾತು ಬರಲಿಲ್ಲ. ಬಹಳ ದಿನ ಆ ಟ್ಯೂನಿಗೆ ಮೊಟ್ಟೆ ಬುರ್ಜಿ ಅನ್ನುವ ಅರ್ಥದ ಹುಡುಗಾಟದ ಸಾಲು ಹಾಕಿಕೊಂಡು ಗುನುಗುತ್ತಿದ್ದ.

ಆದರೆ ಗಮನಿಸಿ, ಅವನು ಬುರ್ಜಿಯಲ್ಲೇ ಬಿಡಲಿಲ್ಲ. ಅಷ್ಟು ಒಳ್ಳೆ ಟ್ಯೂನು ಕೈಯಲ್ಲಿದ್ದರೂ ಮಾತು ಸಿಗುವವರೆಗೂ ಕಾದ. ಆ ದಶಕದ ದೊಡ್ಡ ಸಾಧನೆಯೇ ಅದು. 1966ರ 'ಎಲನರ್ ರಿಗ್ಬಿ'ಯಲ್ಲಿ ಪ್ರೇಮ ಇಲ್ಲ, ಕುಣಿತ ಇಲ್ಲ. ಯಾರೂ ಇಲ್ಲದ ಒಬ್ಬ ಹೆಂಗಸು, ಯಾರೂ ಕೇಳದ ಪ್ರವಚನ ಬರೆಯುವ, ರಾತ್ರಿ ಒಬ್ಬನೇ ಕೂತು ಕಾಲುಚೀಲ ಹೊಲಿದುಕೊಳ್ಳುವ ಒಬ್ಬ ಪಾದ್ರಿ. ಎರಡು ನಿಮಿಷದ ಹಾಡಿನಲ್ಲಿ ಒಂದು ಸಣ್ಣಕತೆ. ಮರುವರ್ಷ ಬೀಟಲ್ಸ್ 'ಸಾರ್ಜೆಂಟ್ ಪೆಪ್ಪರ್' ಆಲ್ಬಮ್ಮಿನ ಹಿಂಬದಿಯ ಹೊದಿಕೆಯಲ್ಲಿ ಹಾಡುಗಳ ಪೂರ್ತಿ ಸಾಹಿತ್ಯವನ್ನೇ ಅಚ್ಚು ಹಾಕಿಸಿದರು. ಪಾಪ್ ತಟ್ಟೆಗಳಲ್ಲಿ ಆಗ ಅದು ಹೊಸತು. ಕೇಳಿ ಅಂತ ಮಾತ್ರ ಅಲ್ಲ, ಓದಿ ಅಂತಲೂ ಕೊಟ್ಟರು. ಹಾಡಿದವರೇ ಓದಿ ಅಂದಮೇಲೆ ಓದುವುದಿಲ್ಲ ಅನ್ನುವುದು ಯಾವ ಸೀಮೆ ಫ್ಯಾನುಗಿರಿ?

ಮಾತು ಕೇಳದವರ ಕಿವಿಯಿಂದ ಲಾಭ ಯಾರಿಗೆ ಅಂತಲೂ ನೋಡಿ. 1969ರಲ್ಲಿ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್ 'ಫಾರ್ಚುನೇಟ್ ಸನ್' ಹಾಡಿತು. ಬರೆದವನು ಜಾನ್ ಫೋಗರ್ಟಿ, ಸ್ವತಃ ಆರ್ಮಿ ರಿಸರ್ವ್‌ನಲ್ಲಿ ಇದ್ದು ಬಂದವನು. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕಡ್ಡಾಯವಾಗಿ ಎಳೆದೊಯ್ಯುತ್ತಿದ್ದ ಕಾಲ. ಕಾಲೇಜಿನಲ್ಲಿದ್ದವರಿಗೆ ವಿನಾಯಿತಿ ಸಿಗುತ್ತಿತ್ತು, ದೊಡ್ಡವರ ಮಕ್ಕಳಿಗೆ ಬೇರೆ ದಾರಿಗಳೂ ಸಿಗುತ್ತಿದ್ದವು. ಫ್ಯಾಕ್ಟರಿ ಕೆಲಸದವನ ಮಗ, ರೈತನ ಮಗ ಬಂದೂಕು ಹಿಡಿಯುತ್ತಿದ್ದ. ಆ ಯುದ್ಧದಲ್ಲಿ ಸತ್ತ ಅಮೆರಿಕನ್ನರೇ 58,000ಕ್ಕೂ ಹೆಚ್ಚು, ವಿಯೆಟ್ನಾಮಿಗಳ ಲೆಕ್ಕವಂತೂ ಲಕ್ಷಗಳಲ್ಲಿ. ಮಾಜಿ ಅಧ್ಯಕ್ಷ ಐಸೆನ್‌ಹೋವರನ ಮೊಮ್ಮಗನಿಗೂ, ಅಧ್ಯಕ್ಷನಾಗಲಿದ್ದ ನಿಕ್ಸನ್‌ನ ಮಗಳಿಗೂ 1968ರ ಕೊನೆಯಲ್ಲಿ ಮದುವೆ ಆಯಿತು. ಇಂಥವರು ಯಾರೂ ಯುದ್ಧಕ್ಕೆ ಹೋಗುವುದಿಲ್ಲವಲ್ಲ ಅನ್ನುವ ಸಿಟ್ಟು ಫೋಗರ್ಟಿಗೆ ಬಂತು. ಹಾಡು ಹುಟ್ಟಿತು. ಬಾವುಟ ಬೀಸಲಿಕ್ಕೆಂದೇ ಹುಟ್ಟಿದವರು ಕೆಲವರು, ನಾನು ಆ ಅದೃಷ್ಟವಂತರ ಮಗ ಅಲ್ಲ ಅನ್ನುವುದು ಹಾಡಿನ ಸಾರ.

ಮುಂದೆ ಏನಾಯಿತು? ರಾಂಗ್ಲರ್ ಜೀನ್ಸಿನ ಜಾಹೀರಾತಿಗೆ ಅದೇ ಹಾಡು ಹೋಯಿತು. ಬಾವುಟ, ದೇಶ ಬರುವ ಮೊದಲ ಸಾಲುಗಳನ್ನು ಇಟ್ಟುಕೊಂಡು, ಸಿಟ್ಟು ಶುರುವಾಗುವ ಜಾಗದಲ್ಲಿ ಕತ್ತರಿ. ಕೇಳಿದವರಿಗೆ ದೇಶಭಕ್ತಿಯ ಹಾಡು! ಹಕ್ಕು ಬರೆದವನ ಕೈಯಲ್ಲಿರಲಿಲ್ಲ, ರೆಕಾರ್ಡ್ ಕಂಪನಿಯ ಕೈಯಲ್ಲಿತ್ತು. ಫೋಗರ್ಟಿ ಪತ್ರಿಕೆಯ ಮುಂದೆ ಗೋಳು ಹೇಳಿಕೊಂಡ, ಅಷ್ಟೆ. 2020ರಲ್ಲಿ ಡೊನಾಲ್ಡ್ ಟ್ರಂಪ್ ಅವರ ಚುನಾವಣಾ ಸಭೆಯಲ್ಲಿ ಇದೇ ಹಾಡು ಹಾಕಿದರು. ಅನುಕೂಲಸ್ಥ ಮನೆಯಲ್ಲಿ ಹುಟ್ಟಿ, ವಿಯೆಟ್ನಾಂ ಕಾಲದಲ್ಲಿ ವಿನಾಯಿತಿ ಪಡೆದವರ ಸಭೆಯಲ್ಲಿ! ನಿಲ್ಲಿಸಿ ಅಂತ ಫೋಗರ್ಟಿ ನೋಟಿಸು ಕಳಿಸಬೇಕಾಯಿತು. ಸಭೆಯಲ್ಲಿ ಕುಣಿದವರನ್ನು ನಾನು ಬೈಯುವುದಿಲ್ಲ, ಕೆಫೆಟೇರಿಯಾದಲ್ಲಿ ಕಾಲು ಕುಣಿಸಿದವನಿಗೆ ಆ ಯೋಗ್ಯತೆ ಇಲ್ಲ. ಆದರೆ ಆ ಕತ್ತರಿ ಎಲ್ಲಿ ಆಡಿತು ನೋಡಿ. ನಮ್ಮ ಗಮನ ಎಲ್ಲಿ ಮುಗಿಯುತ್ತದೋ ಸರಿಯಾಗಿ ಅಲ್ಲೇ.

ನೈಕಿ ಇನ್ನೂ ಜಾಣ. 1987ರಲ್ಲಿ ಬೀಟಲ್ಸಿನ 1968ರ 'ರೆವಲ್ಯೂಷನ್' ಹಾಡನ್ನು ಶೂ ಮಾರಲಿಕ್ಕೆ ಬಳಸಿತು. ಬೀಟಲ್ಸಿನ ಕಂಪನಿ ಕೋರ್ಟಿಗೆ ಹೋಯಿತು. ತಮಾಷೆ ಏನಂದರೆ, ಆ ಹಾಡು ಕ್ರಾಂತಿಯನ್ನು ಹೊಗಳುವ ಹಾಡೇ ಅಲ್ಲ. ಕ್ರಾಂತಿ ಅಂತ ಬಂದವರನ್ನು ಜಾನ್ ಲೆನನ್ 'ನಿಮ್ಮ ಯೋಜನೆ ಏನು ತೋರಿಸಿ, ಒಡೆಯುವುದಾದರೆ ನನ್ನನ್ನು ಬಿಡಿ' ಅನ್ನುವ ರೀತಿಯಲ್ಲಿ ಕೇಳುವ ಅನುಮಾನದ ಹಾಡು. ಎಡಪಂಥೀಯ ಹುಡುಗರು ಆಗಲೇ ಅವನ ಮೇಲೆ ಸಿಟ್ಟಾಗಿದ್ದರು. ಜಾಹೀರಾತಿಗೆ ಬೇಕಾದ್ದು ಆ ಪೂರ್ತಿ ವಾದ ಅಲ್ಲ, ಒಂದು ಶಬ್ದ, ಒಂದು ಗಿಟಾರಿನ ಕಿರುಚು. ಒಬ್ಬ ಮನುಷ್ಯ ಯೋಚನೆ ಮಾಡಿ ಹೇಳಿದ ಮಾತು ಒಂದು ಜೊತೆ ಶೂವಿನ ಲೇಸಾಯಿತು.

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. 'ಡಿಲನ್ನೇ ಮಾರಿಕೊಂಡನಲ್ಲಪ್ಪ, ನಿಂದೇನು ಮಧ್ಯೆ?' ನಿಜ. 1996ರಲ್ಲಿ ಅದೇ ಕಾಲ-ಬದಲಾಗುವ ಹಾಡನ್ನು ಕೆನಡಾದ ಬ್ಯಾಂಕ್ ಆಫ್ ಮಾಂಟ್ರಿಯಲ್ ತನ್ನ ಜಾಹೀರಾತಿಗೆ ಬಳಸಿತು, ಡಿಲನ್ ಒಪ್ಪಿಗೆಯಿಂದಲೇ. 2014ರಲ್ಲಿ ಕ್ರೈಸ್ಲರ್ ಕಾರಿನ ಜಾಹೀರಾತಿನಲ್ಲಿ ತಾನೇ ಬಂದು ನಿಂತ. 2020ರಲ್ಲಿ ತನ್ನ ಹಾಡುಗಳ ಹಕ್ಕನ್ನೆಲ್ಲ ಯೂನಿವರ್ಸಲ್‌ಗೆ ಮಾರಿದ. ಅವನ ಹಾಡು, ಅವನ ಹಕ್ಕು, ಅವನ ದುಡ್ಡು. ನನಗೇನೂ ತಕರಾರಿಲ್ಲ. ಆದರೆ ಅವನು ಮಾರಿದ್ದು ಹಾಡನ್ನು ಬಳಸುವ ಹಕ್ಕನ್ನು. ಅರ್ಥವನ್ನು ಮಾರಲಿಕ್ಕೆ ಅದು ಅವನೊಬ್ಬನ ಕೈಯಲ್ಲಿ ಉಳಿದಿರಲಿಲ್ಲ. ಗದ್ದೆ ಮಾರಿದವನು ಆ ಗದ್ದೆಯಲ್ಲಿ ನಟ್ಟಿ ಮಾಡಿದವರ ಬೆನ್ನುನೋವನ್ನೂ ಸೇರಿಸಿ ಮಾರಲಿಕ್ಕೆ ಆಗುತ್ತದೆಯೆ? 1964ರಲ್ಲಿ ಆ ಹಾಡನ್ನು ಮೆರವಣಿಗೆಯಲ್ಲಿ ಹಾಡಿದವರು, ಪೊಲೀಸರ ಏಟು ತಿಂದವರು ಅದಕ್ಕೆ ಅರ್ಥ ಹೇಳಿ ಆಗಿದೆ.

ಹಾಗಾದರೆ ಹಾಡಿನ ದಿಕ್ಕನ್ನು ಯಾರೂ ತಿರುಗಿಸಲೇಬಾರದೆ? ಅಲ್ಲ, ತಿರುಗಿಸಬಹುದು. ಆ ದಶಕದ ಅತ್ಯುತ್ತಮ ಕೆಲಸಗಳಲ್ಲಿ ಒಂದು ಅಂಥದ್ದೇ. 'ರೆಸ್ಪೆಕ್ಟ್' ಹಾಡನ್ನು ಬರೆದು 1965ರಲ್ಲಿ ಹಾಡಿದವನು ಓಟಿಸ್ ರೆಡ್ಡಿಂಗ್. ಅವನ ಹಾಡಿನಲ್ಲಿ ದುಡಿದು ಮನೆಗೆ ಬರುವ ಗಂಡಸು, ಬಂದಾಗ ನನಗೆ ಮರ್ಯಾದೆ ಕೊಡು ಅಂತ ಹೆಂಗಸನ್ನು ಕೇಳುತ್ತಾನೆ. 1967ರ ಫೆಬ್ರವರಿಯಲ್ಲಿ ಅರೀಥಾ ಫ್ರಾಂಕ್ಲಿನ್ ಅದನ್ನೇ ಹಾಡಿದಳು. ಕೇಳುವವಳು ಈಗ ಹೆಂಗಸು. ಮರ್ಯಾದೆ ಅನ್ನುವ ಆ ಪದದ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವ ಭಾಗ ಅವಳು ಸೇರಿಸಿದ್ದು, ಓಟಿಸ್‌ನ ಹಾಡಿನಲ್ಲಿ ಅದು ಇರಲೇ ಇಲ್ಲ. ದಡ್ಡ ಹುಡುಗನಿಗೆ ಕಾಗುಣಿತ ಕಲಿಸುವ ಟೀಚರ್ ಥರ! ಅಮೆರಿಕದಲ್ಲಿ ಹಾಡು ಮೊದಲ ಸ್ಥಾನಕ್ಕೆ ಹೋಯಿತು, ಹೆಂಗಸರ ಹಾಡಾಯಿತು, ಕರಿಯರ ಹಾಡಾಯಿತು. ಆ ವರ್ಷ ಮಾಂಟೆರೆಯ ಸಂಗೀತ ಮೇಳದಲ್ಲಿ ಓಟಿಸ್ ತಾನೇ ತಮಾಷೆ ಮಾಡಿದ, ಒಬ್ಬಳು ಹುಡುಗಿ ನನ್ನ ಹಾಡನ್ನು ಎತ್ತಿಕೊಂಡು ಹೋದಳು ಅಂತ.

ಅರೀಥಾ ಮಾಡಿದ್ದಕ್ಕೂ ನಮ್ಮ ಟೌನ್‌ಹಾಲಿನವರು ಮಾಡಿದ್ದಕ್ಕೂ ವ್ಯತ್ಯಾಸ ಏನು? ಅವಳು ಪ್ರತಿ ಅಕ್ಷರವನ್ನೂ ಕೇಳಿದ್ದಳು. ಕೇಳಿದ್ದರಿಂದಲೇ ಎಲ್ಲಿ ತಿರುಗಿಸಬೇಕು ಅಂತ ಅವಳಿಗೆ ಗೊತ್ತಾಯಿತು. ಕೇಳಿಸಿಕೊಳ್ಳದಿದ್ದವರ ದನಿಯನ್ನು ಅದರೊಳಗೆ ತಂದಳು. ಟೌನ್‌ಹಾಲಿನಲ್ಲಿ ಇದ್ದ ದನಿಯನ್ನೇ ಮುಚ್ಚಿದರು. ಅವಳದ್ದು ಅರ್ಥ ಹೇಳುವುದು, ಇವರದ್ದು ಅರ್ಥ ಕದಿಯುವುದು.

ಮುಚ್ಚುವುದು ಅಂದಾಗ ಇನ್ನೊಂದು ಹಾಡು ನೆನಪಾಗುತ್ತದೆ. 1963ರ ಅಕ್ಟೋಬರಿನಲ್ಲಿ ಗಾಯಕ ಸ್ಯಾಮ್ ಕುಕ್ ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ ಕಾದಿರಿಸಿದ್ದ ಹೋಟೆಲಿಗೆ ಹೋದ. ಕರಿಯ ಅಂತ ರೂಮು ಕೊಡಲಿಲ್ಲ. ಜಗಳ ಮಾಡಿದ್ದಕ್ಕೆ ಬಂಧನ. ಅಷ್ಟು ಹೊತ್ತಿಗೆ ಅವನು ದೇಶಕ್ಕೇ ಗೊತ್ತಿದ್ದ ಸ್ಟಾರು! ಕೆಲವು ತಿಂಗಳಲ್ಲಿ 'ಎ ಚೇಂಜ್ ಇಸ್ ಗಾನ ಕಮ್' ರೆಕಾರ್ಡ್ ಆಯಿತು. ಅದರಲ್ಲೂ ಬದಲಾವಣೆಯ ಮಾತೇ ಇದೆ, ಆದರೆ ಎಷ್ಟು ಸುಸ್ತಾದ ನಂಬಿಕೆ ಅದು. ಸಿನಿಮಾಕ್ಕೆ, ಪೇಟೆಗೆ ಹೋದರೆ ಇಲ್ಲಿ ಸುಳಿಯಬೇಡ ಅನ್ನುವವರ ಬಗ್ಗೆ ಒಂದು ಚರಣ ಇದೆ. 1964ರ ಡಿಸೆಂಬರಿನಲ್ಲಿ ರೇಡಿಯೋಗೆ ಸಿಂಗಲ್ ಆಗಿ ಬಂದಾಗ ಸರಿಯಾಗಿ ಆ ಚರಣವನ್ನೇ ಕತ್ತರಿಸಿದ್ದರು. ಅಷ್ಟರಲ್ಲಿ ಕುಕ್ ಗುಂಡೇಟಿಗೆ ಸತ್ತಿದ್ದ. ಕತ್ತರಿ ಯಾವಾಗಲೂ ಟ್ಯೂನಿಗಲ್ಲ, ಮಾತಿಗೇ ಬೀಳುತ್ತದೆ. ಮಾತು ಮುಖ್ಯವಲ್ಲ ಅನ್ನುವವರಿಗೆ ಇದಕ್ಕಿಂತ ಉತ್ತರ ನನ್ನ ಹತ್ತಿರ ಇಲ್ಲ.

ಇನ್ನು ಮೂರನೆಯವರು. 'ಕನ್ನಡದಲ್ಲಿ ಹಾಡಿಲ್ಲವೇನಪ್ಪ, ಹಳ್ಳಿಯಿಂದ ಬಂದವನಿಗೆ ಈ ಇಂಗ್ಲಿಷ್ ಹಾಡಿನ ಶೋಕಿ ಯಾಕೆ?' ಇದನ್ನು ಎರಡು ಕಡೆಯವರೂ ಕೇಳುತ್ತಾರೆ. ಊರಿನಲ್ಲಿ ಪ್ರೀತಿಯಿಂದ, ಬೆಂಗಳೂರಿನಲ್ಲಿ ಸ್ವಲ್ಪ ಬೇರೆ ಥರ, ಏನೋ ತಮ್ಮ ಮನೆಯ ತಿಜೋರಿಗೆ ಕೈ ಹಾಕಿದ ಹಾಗೆ.

ಉತ್ತರ ಒಂದು ಹಾಡು. ಬಿಇ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಬಿಟ್ಟುಹೋಗಿದ್ದ ಎಂಪಿ3 ಸಿಡಿಯಲ್ಲಿ ಓಟಿಸ್ ರೆಡ್ಡಿಂಗನ 'ಡಾಕ್ ಆಫ್ ದ ಬೇ' ಇತ್ತು. ಅಲೆಗಳ ಸದ್ದು, ಕೊನೆಗೊಂದು ಸಿಳ್ಳೆ. ಆ ಸಿಳ್ಳೆ ಕೇಳಿ ನಾನು ಎರಡು ವರ್ಷ ಅದನ್ನು ಖುಷಿಯ ಹಾಡು, ರಜೆಯ ಹಾಡು ಅಂದುಕೊಂಡಿದ್ದೆ. ಕ್ಯಾಂಪಸ್ಸಿನಲ್ಲಿ ಕೆಲಸ ಸಿಗಲಿಲ್ಲ. ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇದ್ದು, ದಿನಕ್ಕೆ ಇಪ್ಪತ್ತು ಕಡೆ ರೆಸ್ಯೂಮೆ ಕಳಿಸುತ್ತಿದ್ದ ಏಳು ತಿಂಗಳಲ್ಲಿ, ಒಂದು ಸಂಜೆ ಸೈಬರ್ ಕೆಫೆಯಲ್ಲಿ ಅದರ ಸಾಹಿತ್ಯ ಓದಿದೆ. ಅವನು ಜಾರ್ಜಿಯಾದ ತನ್ನ ಊರು ಬಿಟ್ಟು ದೂರದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಗೆ ಬಂದಿದ್ದಾನೆ. ಬಂದದ್ದಕ್ಕೆ ಏನೂ ಆಗಿಲ್ಲ. ಹತ್ತು ಜನ ಹತ್ತು ಬುದ್ಧಿ ಹೇಳುತ್ತಾರೆ, ಯಾವುದೂ ಆಗುತ್ತಿಲ್ಲ. ಅದಕ್ಕೇ ಸುಮ್ಮನೆ ಕೂತು ಹಡಗು ಬರುವುದು ಹೋಗುವುದು ನೋಡುತ್ತಿದ್ದಾನೆ. ಆ ಸಿಳ್ಳೆ ಖುಷಿಯದ್ದಲ್ಲ, ಹೇಳಲಿಕ್ಕೆ ಏನೂ ಉಳಿಯದವನದ್ದು ಅಂತ ನನಗೆ ಆಗ ಅನಿಸಿತು. ಪಿಜಿ ತಾರಸಿಯ ಮೇಲೆ ನಾನೂ ಅದನ್ನೇ ಮಾಡುತ್ತಿದ್ದೆ, ಹಡಗಿನ ಬದಲು ಬಿಎಂಟಿಸಿ ಬಸ್ಸು. ಅಪ್ಪ ಫೋನಿನಲ್ಲಿ ಕೇಳಿದರೆ 'ಎಲ್ಲ ಚೆನ್ನಾಗಿದೆ' ಅನ್ನುತ್ತಿದ್ದೆ.

ಓಟಿಸ್ ಅದನ್ನು ರೆಕಾರ್ಡ್ ಮಾಡಿ ಕೆಲವೇ ದಿನಕ್ಕೆ, 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ಸತ್ತ. ಬರೀ 26 ವರ್ಷ. ಜೊತೆಗೆ ಬರೆದ ಸ್ಟೀವ್ ಕ್ರಾಪರ್ ಆ ದುಃಖದಲ್ಲೇ ಕೂತು ಅಲೆಯ ಸದ್ದು, ಹಕ್ಕಿಯ ಕೂಗು ಸೇರಿಸಿ ಮುಗಿಸಿದ. 1968ರಲ್ಲಿ ಅದು ಅಮೆರಿಕದ ನಂಬರ್ ಒನ್ ಹಾಡಾಯಿತು. ಇವತ್ತು ಅದು ರೆಸಾರ್ಟಿನ ರೀಲುಗಳಿಗೆ ಹಿನ್ನೆಲೆ ಸಂಗೀತ. ಈಜುಕೊಳ, ಕಾಕ್‌ಟೇಲು, ಅದರ ಹಿಂದೆ ಕೆಲಸವಿಲ್ಲದೆ ಕೂತವನ ಸಿಳ್ಳೆ.

ಈ ಹಾಡು ನನ್ನದಲ್ಲ ಅಂತ ಹೇಳುವವರು ಯಾರು? ಅದು ಜಾರ್ಜಿಯಾದಿಂದ ಹೊರಟ ಕರಿಯ ಹುಡುಗನ ಹಾಡು, ಅವನದ್ದಾಗಿಯೇ ಇರಲಿ. ಅವನು ಹೇಳಿದ್ದನ್ನು ಪೂರ್ತಿ ಕೇಳಿದೆ, ಅಷ್ಟೇ ನನ್ನ ಹಕ್ಕು. ಶೋಕಿ ಅನ್ನುವುದಾದರೆ, ಮಾತು ತಿಳಿಯದೆ ಟೀಶರ್ಟು ಹಾಕುವುದು ಶೋಕಿ. ಇಂದಿರಾನಗರದಲ್ಲಿ ಹುಟ್ಟಿದವನಾದರೂ ಅಷ್ಟೇ, ಸಾಗರದವನಾದರೂ ಅಷ್ಟೇ.

2016ರಲ್ಲಿ ಡಿಲನ್‌ಗೆ ನೊಬೆಲ್ ಬಂದಾಗ ಎಲ್ಲರೂ 'ಹಾಡಿನ ಸಾಹಿತ್ಯ ಕಾವ್ಯ ಹೌದೋ ಅಲ್ಲವೋ' ಅಂತ ಕಿತ್ತಾಡಿದರು. ವಚನ, ದಾಸರ ಪದ, ತತ್ವಪದ ಹಾಡಿಕೊಂಡೇ ಬಂದ ಭಾಷೆಯವರಿಗೆ ಆ ಪ್ರಶ್ನೆಯೇ ವಿಚಿತ್ರ. ಕೇಳಬೇಕಾದ ಪ್ರಶ್ನೆ ಜಗಲಿಯ ಅಜ್ಜಂದಿರದ್ದು: ಪದ ಯಾರದ್ದು, ಯಾರಿಗೆ?

ಹಾಗಾಗಿ ಮುಂದಿನ ಸಲ ನಿಮ್ಮ ಆಫೀಸಿನಲ್ಲಿ ಅರವತ್ತರ ದಶಕದ ಹಾಡು ಹಾಕಿ ಯಾರಾದರೂ ಮೈಕು ಹಿಡಿದರೆ ಕಾಲಲ್ಲಿ ತಾಳ ಹಾಕುವ ಮೊದಲು ಫೋನು ತೆಗೆದು ಅದರ ಸಾಹಿತ್ಯ ಓದಿ. ಕೊನೆಯ ಚರಣದ ತನಕ ಓದಿ, ಕತ್ತರಿ ಬೀಳುವುದು ಅಲ್ಲೇ. ಪ್ರಶ್ನೆ ಕೇಳಲು ಅವಕಾಶ ಕೊಟ್ಟರೆ, ಈ ಹಾಡು ಯಾರು ಯಾರಿಗೆ ಹಾಡಿದ್ದು ಅಂತ ಕೇಳಿ. ನಾನು ಕೇಳಲಿಲ್ಲ. ಗುರುವಾರ ಸಂಜೆ ಅವನು ಬ್ಯಾಗು ಏರಿಸಿಕೊಂಡು ಲಿಫ್ಟಿನ ಹತ್ತಿರ ನಿಂತಾಗ ನನ್ನ ಕಡೆ ನೋಡಿ, 'ನಿನ್ನ ಫೇವರಿಟ್ ಹಾಡು ಚೆನ್ನಾಗಿತ್ತು ಕಣೋ' ಅಂದ. ನಕ್ಕೇ ಹೇಳಿದ. ನನಗೆ ಮಾತ್ರ ನಗಲಿಕ್ಕಾಗಲಿಲ್ಲ.